‘ಬಿದ್ದಿಲ್ಲ’ ಎಂದು ಬರೆಯುವ ಮಾಪಣ್ಣ

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ನವಿ ಮುಂಬೈಯ ಮಹಾಪೆ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಪ್ರಯೋಗಾಲಯದ ಗೇಟು. ಕಾವಲುಗಾರನ ಮೇಜಿನ ಮೇಲೆ ನೀಲಿ ಚೀಲ ಬಿಚ್ಚಿಟ್ಟುಕೊಂಡು ಮಾಪಣ್ಣ ನಿಂತಿದ್ದಾರೆ. ಚೀಲದೊಳಗೆ ಟಿವಿ ರಿಮೋಟಿನಷ್ಟು ದೊಡ್ಡ ಒಂದು ಮೀಟರು ಇದೆ. ಅದರಿಂದ ಹೊರಟ ತಂತಿಯ ತುದಿಯಲ್ಲಿ ಪೆನ್ನಿನಂಥ ಕಡ್ಡಿ, ಕಡ್ಡಿಯ ತುದಿಯಲ್ಲಿ ಕಡಲೆಕಾಳಿನಷ್ಟು ಗಾಜಿನ ಗುಂಡು. ಗುಂಡಿಗೆ ತೊಡಿಸಿದ ಪಾರದರ್ಶಕ ಟೋಪಿಯನ್ನು ಮಾಪಣ್ಣ ದೀಪಕ್ಕೆ ಹಿಡಿಯುತ್ತಾರೆ. ಒಳಗಿನ ಉಪ್ಪುನೀರು ಅರ್ಧಕ್ಕಿಂತ ಕೆಳಗಿದೆ. ಜೇಬಿನ ಪುಟ್ಟ ಬಾಟಲಿಯಿಂದ ನಾಲ್ಕು ಹನಿ ಬಿಟ್ಟು, ಟೋಪಿಯನ್ನು ಮತ್ತೆ ತಿರುಗಿಸುತ್ತಾರೆ.

“ಒಣಗಿತಂದ್ರ ಸತ್ತಂಗ ಲೆಕ್ಕರಿ ಇದು. ಬಿದ್ರಂತೂ ಕೇಳಲೇಬ್ಯಾಡ್ರಿ” ಎನ್ನುತ್ತಾರೆ.

ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ಹೇಳುವ ಪಿಎಚ್ ಮೀಟರು ಅದು. ಅಂಕಿ ಏಳು ತೋರಿಸಿದರೆ ನೀರು ಎರಡೂ ಅಲ್ಲ. ಕೆಳಗಿಳಿದಷ್ಟೂ ಆಮ್ಲ, ಮೇಲೇರಿದಷ್ಟೂ ಕ್ಷಾರ. ಬಣ್ಣದ ಕಾರ್ಖಾನೆ, ಔಷಧ ಕಾರ್ಖಾನೆ, ನೀರು ಶುದ್ಧೀಕರಣ ಘಟಕ, ಡಯಾಲಿಸಿಸ್ ಕೇಂದ್ರ, ಎಲ್ಲ ಕಡೆಯೂ ಇಂಥ ಮೀಟರುಗಳಿವೆ. ಬಳಸಿದಂತೆಲ್ಲ ಅವುಗಳ ಅಂಕಿ ಹಾದಿ ತಪ್ಪುತ್ತದೆ. ಆಗಾಗ ಪ್ರಯೋಗಾಲಯಕ್ಕೆ ತಂದು, ಅಳತೆ ಮೊದಲೇ ಗೊತ್ತಿರುವ ದ್ರಾವಣದಲ್ಲಿ ಅದ್ದಿ, ತಾಳೆ ನೋಡಿ ಸರಿಪಡಿಸಬೇಕು. ಸರಿಪಡಿಸುವವರಿಗೆ ಬಿಳಿ ಕೋಟು ಇದೆ, ಪ್ರಮಾಣಪತ್ರದ ಮೇಲೆ ಸಹಿ ಇದೆ. ತಂದು ಮುಟ್ಟಿಸುವವರಿಗೆ ಇವೆರಡೂ ಇಲ್ಲ. ಥಾಣೆಯಿಂದ ಅಂಬರನಾಥದವರೆಗಿನ ಇಪ್ಪತ್ತಾರು ಕಡೆಗಳಿಗೆ ಹನ್ನೊಂದು ವರ್ಷದಿಂದ ಇವನ್ನು ಹೊತ್ತು ತರುತ್ತಿರುವವರು, ಕೊಂಡೊಯ್ಯುತ್ತಿರುವವರು ಮಾಪಣ್ಣ. ದಿನಕ್ಕೆ ಐದರಿಂದ ಆರು ಮೀಟರು, ಎಂಟು ಲೋಕಲು.

ಘಣಸೋಲಿ ನಿಲ್ದಾಣಕ್ಕೆ ಅವರು ಆಟೋ ಹತ್ತುವುದಿಲ್ಲ. ರಸ್ತೆಯ ಹೊಂಡಗಳಲ್ಲಿ ಚೀಲ ಕುಲುಕುತ್ತದೆ. ಇಪ್ಪತ್ತೈದು ನಿಮಿಷ ನಡೆದು, ಥಾಣೆ ಲೋಕಲಿನ ಲಗೇಜ್ ಡಬ್ಬ ಹತ್ತಿ, ಮೂಲೆಯ ಹಲಗೆಯ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ವಾಶಿ ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡು ಉಲ್ಹಾಸನಗರದಲ್ಲಿ ಮಾರುವ ವಿಜಯಪುರ ಕಡೆಯ ಗಂಗಾ ತುರ್ಭೆಯಲ್ಲೇ ಹತ್ತಿ ಕೂತಿರುತ್ತಾರೆ.

“ಏನಣ್ಣಾ, ಕೂಸಿಗಿ ಹಾಲು ಕುಡಿಸಿದ್ಯೋ ಇಲ್ಲೋ?”

“ಕುಡಿಸೀನವ್ವಾ. ನಿನ್ನ ಕೊತ್ತಂಬ್ರಿ ನೀರು ಇದರ ಮ್ಯಾಲ ಬೀಳಸಬ್ಯಾಡ. ಈಗಷ್ಟೇ ಮಲಗ್ಯದ.”

ಡಬ್ಬದಲ್ಲಿ ನಗು. ಇದು ದಿನವೂ ನಡೆಯುವ ಮಾತು.

ಐವತ್ತೆರಡು ವರ್ಷದ ಮಾಪಣ್ಣ ಕಲಬುರಗಿ ಜಿಲ್ಲೆಯ ಶಹಾಬಾದ ಕಡೆಯವರು. ಓದಿದ್ದು ಎರಡನೇ ಇಯತ್ತೆ. ಭಿವಂಡಿಯ ಗೋದಾಮುಗಳಲ್ಲಿ ಒಂಬತ್ತು ವರ್ಷ ಹಮಾಲಿ ಮಾಡಿದರು. ಬೆನ್ನಿನ ಮೂಳೆ ಸರಿದ ಮೇಲೆ ಭಾರ ಎತ್ತಬೇಡವೆಂದು ವೈದ್ಯರು ಹೇಳಿದರು. “ಕ್ವಿಂಟಲ್ ಹೊತ್ತಾಂವ ನಾನು. ಇಲ್ಲಿ ಬಂದು ಪಾವ್ ಕಿಲೋ ಕೊಟ್ರು. ಇದೇನು ಕೆಲಸರಿ ಅಂತ ನಕ್ಕಿದ್ದೆ” ಎನ್ನುತ್ತಾರೆ. ದಿಘಾದ ಒಂದು ಕೋಣೆಯಲ್ಲಿ ಹೆಂಡತಿ ಸಾಬವ್ವ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಅವರ ಸಂಸಾರ.

ಈ ಕೆಲಸ ಅವರ ಕೈಯಲ್ಲಿ ಇನ್ನೆಷ್ಟು ದಿನ ಎಂಬುದು ಖಚಿತವಿಲ್ಲ. ಬರುವ ಒಂದನೇ ತಾರೀಖಿನಿಂದ ಮೀಟರುಗಳನ್ನು ಬೈಕ್ ಕೊರಿಯರಿಗೆ ಕೊಡುವ ಯೋಚನೆ ಪ್ರಯೋಗಾಲಯದ ಮಾಲೀಕ ರಿತೇಶ್ ಅವರದು. ಮಾಪಣ್ಣನಿಗೆ ಸ್ಟೋರಿನಲ್ಲಿ ಕೂರುವ ಕೆಲಸ ಕೊಡುತ್ತಾರಂತೆ. ಬೈಕ್ ಸವಾರರಿಗಾಗಿ ರಿತೇಶ್ ಒಂದು ರಬ್ಬರ್ ಮೊಹರನ್ನೂ ಮಾಡಿಸಿದ್ದಾರೆ. ಅದರಲ್ಲಿರುವುದು ಒಂದೇ ಒಂದು ಕನ್ನಡ ಪದ: ಬಿದ್ದಿಲ್ಲ.

ಆ ಪದದ ಕತೆಯನ್ನು ಮಾಪಣ್ಣ ಥಾಣೆಯಲ್ಲಿ ಗಂಗಾ ಅವರೊಂದಿಗೆ ಗಾಡಿ ಬದಲಿಸಿ, ಅಂಬರನಾಥ ಲೋಕಲು ಹೊರಟ ಮೇಲೆ ಹೇಳುತ್ತಾರೆ. ಕೇಳಿದ ಪ್ರಶ್ನೆಗಳಿಗೆ ಅಲ್ಲಿಯವರೆಗೆ ನಗುತ್ತಲೇ ಉತ್ತರಿಸುತ್ತಿದ್ದವರು ಈಗ ಚೀಲದ ಕಡೆ ನೋಡುತ್ತಾ ಮಾತಾಡುತ್ತಾರೆ.

2018ರ ಜೂನ್. ಮಳೆ. ಡೊಂಬಿವಲಿ ನಿಲ್ದಾಣದ ಮೆಟ್ಟಿಲಲ್ಲಿ ಯಾರದೋ ಕೊಡೆ ಸಿಕ್ಕಿಕೊಂಡು ಚೀಲ ಹೆಗಲಿನಿಂದ ಜಾರಿತು. ಮೂರು ಮೆಟ್ಟಿಲು ಉರುಳಿತು. ತೆಗೆದು ನೋಡಿದರೆ ಮೀಟರು ಎಲ್ಲಿಯೂ ಒಡೆದಂತೆ ಕಾಣಲಿಲ್ಲ. ಅದು ಹೋಗಬೇಕಿದ್ದದ್ದು ಒಂದು ಬಣ್ಣದ ಘಟಕಕ್ಕೆ. ಅಲ್ಲಿನವರು ಪಿಎಚ್ ಏಳರ ದ್ರಾವಣದಲ್ಲಿ ಅದ್ದಿ ನೋಡಿದರು. ಮೀಟರು ಏಳು ತೋರಿಸಿತು. ಸಹಿ ಹಾಕಿ ತೆಗೆದುಕೊಂಡರು.

“ನಾ ಬಿದ್ದದ್ದು ಹೇಳ್ಲಿಲ್ಲರಿ. ಯಾಕ ಹೇಳಬೇಕು, ಏಳು ಬಂತಲ್ಲ ಅಂತ ಸುಮ್ನಾದೆ.”

ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಈ ಗಾಜಿನ ಗುಂಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೆ ಮೀಟರು ಸಾಮಾನ್ಯವಾಗಿ ಕೆಟ್ಟುನಿಲ್ಲುವುದಿಲ್ಲ. ಯಾವ ನೀರಿಗೆ ಅದ್ದಿದರೂ ಏಳರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಮೀಟರಿಗೆ ಆದದ್ದು ಅದೇ. ಘಟಕದ ಆಮ್ಲದ ನೀರಿಗೆ ಸುಣ್ಣ ಬೆರೆಸಿ ಹದಕ್ಕೆ ತಂದ ಮೇಲಷ್ಟೇ ಮೋರಿಗೆ ಬಿಡಬೇಕು. ಎರಡು ದಿನ ಆ ನೀರು ಹದಕ್ಕೆ ಬರದೆಯೇ ಹೊರಬಿತ್ತು. ಮೀಟರು ಏಳು ಎನ್ನುತ್ತಲೇ ಇತ್ತು. ಮೋರಿ ಬಳಿಯುತ್ತಿದ್ದ ಗುತ್ತಿಗೆ ಕೆಲಸಗಾರ ಭೀಮು ಬರಿಗಾಲಲ್ಲಿ ಅದರೊಳಗೆ ನಿಂತಿದ್ದರು. ಅವರ ಎರಡೂ ಪಾದಗಳ ಚರ್ಮ ಸುಲಿಯಿತು.

ಮೂರನೆಯ ದಿನ ಮೀಟರು ಪ್ರಯೋಗಾಲಯಕ್ಕೆ ವಾಪಸು ಬಂತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ನಿಶ್ಮಿತಾ ಅದನ್ನು ವಿನೆಗರಿನಲ್ಲಿ ಅದ್ದಿದರು: ಏಳು. ಸಾಬೂನು ನೀರಿನಲ್ಲಿ ಅದ್ದಿದರು: ಏಳು. ನೀವು ಒಡೆದಿರಿ ಎಂದು ಘಟಕದವರಿಗೆ ಪ್ರಯೋಗಾಲಯ ಹೇಳಿತು, ನೀವು ಒಡೆದದ್ದನ್ನು ಕಳಿಸಿದಿರಿ ಎಂದು ಅವರು ತಿರುಗಿಸಿದರು. ನಡುವೆ ಹೊತ್ತು ತಂದವನನ್ನು ಯಾರೂ ಕೇಳಲಿಲ್ಲ. ನಾಲ್ಕನೆಯ ದಿನ ಮಾಪಣ್ಣ ತಾವಾಗಿ ಹೋಗಿ ಹೇಳಿದರು. ಒಂದು ವಾರ ಮನೆಗೆ ಕಳಿಸಿದರು, ಕೆಲಸ ಉಳಿಯಿತು.

ಆ ವಾರದಲ್ಲಿ ಅವರು ಭೀಮುವಿನ ಕೋಣೆ ಹುಡುಕಿಕೊಂಡು ಹೋದರು. “ಬೈದಿದ್ರ ಚಲೋ ಇತ್ತರಿ. ಬೈಲಿಲ್ಲ. ಬಿದ್ದದ್ದು ಹೇಳಾಕ ಏನ್ ಕಷ್ಟ ಇತ್ತೋ ಕಾಕಾ, ಅಂದ. ಅಷ್ಟೇ.” ಏಳನೇ ಇಯತ್ತೆ ಓದಿದ್ದ ಭೀಮು ಔಷಧದ ಬಿಲ್ಲಿನ ಹಿಂದೆ ಒಂದು ಪದ ಬರೆದುಕೊಟ್ಟರು. “ಮುಂದ ಒಯ್ದಾಗೊಮ್ಮೆ ಇದನ್ನ ಬರದು ಕೊಡು. ಬರೀಲಾಕ ಕೈ ಏಳಲಿಲ್ಲಂದ್ರ ಕೊಡಬ್ಯಾಡ, ಅಂದ.” ಪಾದ ಮಾಯಲು ಮೂರು ತಿಂಗಳಾಯಿತು. ಭೀಮು ಈಗ ಭಿವಂಡಿಯಲ್ಲಿ ಟೆಂಪೋ ಓಡಿಸುತ್ತಾರೆ.

ಅಂದಿನಿಂದ, ಮೀಟರಿನ ಜೊತೆಗೆ ಹೋಗುವ ಪ್ರತಿ ಚೀಟಿಯ ಕೊನೆಯ ಗೆರೆಯಲ್ಲಿ, ಷರಾ ಎಂಬಲ್ಲಿ, ಮೀಟರು ಕೊಡುವ ಜಾಗದಲ್ಲೇ ನಿಂತು ಮಾಪಣ್ಣ ಅದೊಂದನ್ನು ಬರೆಯುತ್ತಾರೆ. ಅಕ್ಷರ ಇಂದಿಗೂ ಭೀಮುವಿನ ಬಿಲ್ಲಿನ ಮೇಲಿದ್ದಂತೆಯೇ ಸ್ವಲ್ಪ ಎಡಕ್ಕೆ ವಾಲುತ್ತದೆ. ಸಹಿ ಹಾಕಿ ಮೀಟರು ತೆಗೆದುಕೊಳ್ಳುವ ಮರಾಠಿ, ಗುಜರಾತಿ, ಸಿಂಧಿ ಮಂದಿಗೆ ಕನ್ನಡ ಬಾರದು. ಆದರೆ ಇಪ್ಪತ್ತಾರು ಕಡೆಯಲ್ಲೂ ಆ ಪದದ ಆಕಾರ ಗೊತ್ತು. ಅದಿಲ್ಲದಿದ್ದರೆ ಮೀಟರು ವಾಪಸು. ಪ್ರಯೋಗಾಲಯದಲ್ಲಿ ಸುಮಾರು ಹನ್ನೊಂದು ಸಾವಿರ ಚೀಟಿಗಳಿವೆ. ಗೆರೆ ಖಾಲಿ ಬಿಟ್ಟದ್ದು ಎರಡರಲ್ಲಿ ಮಾತ್ರ. ಆ ಎರಡರಲ್ಲಿ ಒಂದು ಮೀಟರಿಗೆ ನಿಜಕ್ಕೂ ಬಿರುಕು ಬಿದ್ದಿತ್ತು.

ಡೊಂಬಿವಲಿ ದಾಟಿದೆ. ಕಲ್ಯಾಣಕ್ಕೆ ಮುಂಚೆ ಗಾಡಿ ಒಮ್ಮೆ ಜಗ್ಗಿ ನಿಲ್ಲುತ್ತದೆ. ಹಲಗೆಯ ಮೇಲಿದ್ದ ಗಂಗಾ ಅವರ ಸೊಪ್ಪಿನ ಮೂಟೆ ಜಾರುತ್ತದೆ. ಮಾಪಣ್ಣನ ಎರಡೂ ಕೈ ಮೂಟೆಯ ಕಡೆ ಹೋಗುತ್ತವೆ. ಬೀಳುವ ಮೂಟೆಗೆ ಕೈ ಒಡ್ಡುವುದು ಒಂಬತ್ತು ವರ್ಷದ ಹಮಾಲಿಯ ರೂಢಿ. ಮೂಟೆ ನಿಲ್ಲುತ್ತದೆ. ತೊಡೆಯ ಮೇಲಿನ ನೀಲಿ ಚೀಲ ನೆಲಕ್ಕೆ ಬೀಳುತ್ತದೆ.

ಮಾಪಣ್ಣ ಚೀಲ ಎತ್ತಿ, ಬಿಚ್ಚಿ, ಗುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಏನೂ ಕಾಣುವುದಿಲ್ಲ.

“ನನ್ನ ಮೂಟಿ ಸಲುವಾಗಿ ಆತಲ್ಲೋ ಅಣ್ಣಾ” ಎನ್ನುತ್ತಾರೆ ಗಂಗಾ. ಆಮೇಲೆ ದನಿ ತಗ್ಗಿಸಿ, “ಬರದು ಕೊಡು. ಯಾರ್ ನೋಡ್ಯಾರ? ಬೈಕಿನಾಂವ ಬರತಾನಂತ ನೀನೇ ಹೇಳಿದಿ. ಈಗ ರೈಲಿನ್ಯಾಗ ಬಿತ್ತು ಅಂದ್ರ ಸೇಠ್ ಇನ್ನೇನ್ ಅಂತಾನ?”

“ಹೌದವ್ವಾ” ಎಂದಷ್ಟೇ ಹೇಳಿ ಮಾಪಣ್ಣ ಟೋಪಿ ತಿರುಗಿಸುತ್ತಾರೆ.

ಉಲ್ಹಾಸನಗರದ ಡಯಾಲಿಸಿಸ್ ಕೇಂದ್ರದಲ್ಲಿ ಒಂಬತ್ತು ಹಾಸಿಗೆಗಳಿವೆ. ಮೊದಲ ಸರದಿ ಏಳೂವರೆಗೆ. ರಕ್ತ ಶುದ್ಧಿಗೆ ಬಳಸುವ ದ್ರಾವಣವನ್ನು ಅದಕ್ಕೂ ಮುಂಚೆ ಪರೀಕ್ಷಿಸಬೇಕು. ತಂತ್ರಜ್ಞೆ ರಮಿತಾ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವರು, ತಂದೆ ಕಾರ್ಕಳ ಕಡೆಯಿಂದ ಬಂದು ಹೋಟೆಲಿನಲ್ಲಿದ್ದವರು. ಮಾಪಣ್ಣ ಚೀಟಿಯನ್ನು ಮೇಜಿನ ಮೇಲಿಡುತ್ತಾರೆ. ರಮಿತಾ ಮೀಟರನ್ನು ಏಳರ ದ್ರಾವಣಕ್ಕೆ ಅದ್ದುತ್ತಾರೆ: 7.00. ನಾಲ್ಕರ ದ್ರಾವಣಕ್ಕೆ ಅದ್ದುತ್ತಾರೆ: 4.01. ಎರಡೂ ಸರಿ. ಚೀಟಿಯ ಕೊನೆಯ ಗೆರೆ ಖಾಲಿ.

“ಕಾಕಾ, ಬರೆಯಲಿಕ್ಕೆ ಮರೆತಿರಾ?”

“ಇಲ್ಲವ್ವಾ. ಬಿದ್ದದ.”

“ಎರಡೂ ಕರೆಕ್ಟ್ ತೋರಿಸ್ತದಲ್ಲ. ಬಿರುಕಿದ್ರೆ ನಾಲ್ಕು ಬರ್ತಿರಲಿಲ್ಲ. ಬರೆದು ಕೊಡಿ, ಪೇಷಂಟ್ಸ್ ಕಾಯ್ತಾ ಇದ್ದಾರೆ.”

“ಅಂಕಿ ಬರೋಬರ್ ಅದ, ಖರೆ. ಅಂಕಿ ನೀವು ನೋಡ್ತೀರಿ. ಬಿದ್ದದ್ದು ನಾ ಅಷ್ಟೇ ನೋಡೀನಿ. ಅದು ನಾ ಹೇಳಬೇಕಲ್ಲ?”

ಹೊರಗಿನ ಬೆಂಚಿನಿಂದ ರೋಗಿಯೊಬ್ಬರ ಮಗ ಎದ್ದು ಬಂದು, “ಮಶೀನ್ ಬರೋಬರ್ ಹೈ ತೋ ಕಾಯ್ಕೊ ರೋಕಾ?” ಎಂದು, ಸರಿಯಿರುವ ಮೀಟರನ್ನು ತಡೆದದ್ದಕ್ಕೆ ಗದರುತ್ತಾರೆ. ರಮಿತಾ ಒಂದು ಕ್ಷಣ ಮಾಪಣ್ಣನನ್ನು, ಒಂದು ಕ್ಷಣ ಗಡಿಯಾರವನ್ನು ನೋಡಿ, ಕಪಾಟಿನಿಂದ ಕೇಂದ್ರದ ಹಳೆಯ ಮೀಟರು ತೆಗೆಯುತ್ತಾರೆ. ಅದರ ಪ್ರಮಾಣಪತ್ರದ ಅವಧಿ ಇನ್ನೂ ಮುಗಿದಿಲ್ಲ, ಆದರೆ ಅಂಕಿ ನಿಲ್ಲಲು ಹೊತ್ತು ಹಿಡಿಯುತ್ತದೆ. ಆ ದಿನ ಮೊದಲ ಸರದಿ ನಲವತ್ತು ನಿಮಿಷ ತಡವಾಗಿ ಶುರುವಾಗುತ್ತದೆ. ಅಷ್ಟು ಹೊತ್ತೂ ಮಾಪಣ್ಣ ಬಾಗಿಲ ಬಳಿ ನಿಂತೇ ಇರುತ್ತಾರೆ. ಹೊರಡಿ ಎಂದು ಅವರಿಗೆ ಯಾರೂ ಹೇಳಿಲ್ಲ, ಕೂರಿ ಎಂದೂ ಹೇಳಿಲ್ಲ.

ಮಹಾಪೆಗೆ ಮರಳಿದ ಮೇಲೆ ನಿಶ್ಮಿತಾ ಮೀಟರನ್ನು ಮೊದಲಿನಿಂದ ಪರೀಕ್ಷಿಸುತ್ತಾರೆ. ಮೂರು ದ್ರಾವಣ, ಭೂತಗನ್ನಡಿ, ಮೂರು ಗಂಟೆ ನೆನೆಸಿಟ್ಟು ಮತ್ತೊಮ್ಮೆ ಮೂರು ದ್ರಾವಣ. ಯಾವ ದೋಷವೂ ಇಲ್ಲ.

“ನೋಡಿ, ಏನೂ ಆಗಿರಲಿಲ್ಲ” ಎನ್ನುತ್ತಾರೆ ರಿತೇಶ್, ಹಿಂದಿಯಲ್ಲಿ. ಕೆಟ್ಟ ಮನುಷ್ಯರಲ್ಲ. ಅವರ ಲೆಕ್ಕ ನೇರವಾಗಿದೆ: ಮಾಪಣ್ಣನಿಗೆ ಎರಡು ಗಂಟೆ ಹಿಡಿಯುವ ದಾರಿ ಬೈಕಿಗೆ ಒಂದು ಗಂಟೆ. “ರೈಲಿನಲ್ಲೂ ಬೀಳುತ್ತದೆ ಅಂತ ಇವತ್ತು ಮಾಪಣ್ಣ ಭಾಯ್ ತಾವೇ ತೋರಿಸಿದರಲ್ಲ. ಪದ ಬೇಕು ಎನ್ನುವ ಗಿರಾಕಿಗೆ ಮೊಹರು ಇದೆ.”

ಅಷ್ಟರಲ್ಲಿ ಅವರ ಫೋನು ಬಡಿದುಕೊಳ್ಳುತ್ತದೆ. ರಮಿತಾ. ದೂರು ಇರಬೇಕೆಂದು ರಿತೇಶ್ ಸ್ಪೀಕರಿನಲ್ಲೇ ಹಾಕುತ್ತಾರೆ, ಮಾಪಣ್ಣನೂ ಕೇಳಿಸಿಕೊಳ್ಳಲಿ ಎಂದು. ತಡವಾದದ್ದರ ಬಗ್ಗೆ ರಮಿತಾ ದೂರುತ್ತಾರೆ, ಅದು ದೂರೇ. ಇನ್ನೊಂದು ಮೀಟರನ್ನು ಸಂಜೆಯೊಳಗೆ ಕಳಿಸಿ ಎನ್ನುತ್ತಾರೆ. ಆಮೇಲೆ ಮರಾಠಿಯಲ್ಲಿ ಒಂದು ಮಾತು ಸೇರಿಸುತ್ತಾರೆ: ಆರು ವರ್ಷದಿಂದ ಆ ಪದ ನೋಡುತ್ತಿದ್ದೇನೆ, ಅದು ಬರೀ ರೂಢಿ ಎಂದುಕೊಂಡಿದ್ದೆ, ಇವತ್ತು ಖಾಲಿ ಬಿಟ್ಟದ್ದನ್ನು ನೋಡಿದ ಮೇಲೆ ಹಿಂದಿನ ಅಷ್ಟೂ ಚೀಟಿಗಳನ್ನು ನಂಬಿದೆ.

ರಿತೇಶ್ ಫೋನು ಇಡುತ್ತಾರೆ. ಒಂದನೇ ತಾರೀಖಿಗೆ ಇನ್ನು ಹನ್ನೆರಡು ದಿನ ಇದೆ, ಯೋಚನೆ ಮಾಡುತ್ತೇನೆ ಎನ್ನುತ್ತಾರೆ. ಮೊಹರು ಅವರ ಮೇಜಿನ ಖಾನೆಯಲ್ಲಿದೆ. ಶಾಯಿ ಇನ್ನೂ ತಾಗಿಲ್ಲ.

ಊಟದ ಡಬ್ಬಿ ತೊಳೆದಿಟ್ಟು ಮಾಪಣ್ಣ ಸಂಜೆಯ ಚೀಲ ಕಟ್ಟುತ್ತಿದ್ದಾರೆ. ಟೋಪಿಗೆ ಉಪ್ಪುನೀರಿನ ನಾಲ್ಕು ಹನಿ. ಕೆಲಸ ಕೈಬಿಟ್ಟು ಹೋದರೆ ಬೇಸರವಿಲ್ಲವೇ ಎಂದು ಕೇಳಿದರೆ ಟೋಪಿ ತಿರುಗಿಸುತ್ತಲೇ ಹೇಳುತ್ತಾರೆ:

“ಬ್ಯಾಸರ ಅದರಿ. ಸುಳ್ಳ್ಯಾಕ ಹೇಳ್ಲಿ. ಆದ್ರ ಬೈಕಿನಾಂವಗೂ ಹೊಟ್ಟಿ ಅದ, ಬರಲಿ. ಆ ಮೊಹರು ಒಂದು ಬ್ಯಾಡ್ರಿ. ಅದು ಬಿದ್ರೂ ಬಿದ್ದಿಲ್ಲ ಅಂತದ, ಆ ಒಡದ ಮೀಟರ್ ಎಲ್ಲದಕ್ಕೂ ಏಳು ಅಂದಂಗ. ಆ ಗೆರಿ ಖಾಲಿ ಬಿಡ್ರಿ ಅಂತ ಕೇಳ್ತೀನಿ, ಅಷ್ಟೇ. ಹೊತ್ತಾಂವ ತನ್ನ ಕೈಲೆ ಬರೀಲಿ.”

ಹೊಸ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಡುತ್ತಾರೆ. ಕೊನೆಯ ಗೆರೆಯಲ್ಲಿ ಇನ್ನೂ ಏನೂ ಬರೆದಿಲ್ಲ. ಉಲ್ಹಾಸನಗರ ಇನ್ನೂ ದೂರ ಇದೆ.