ಗುತ್ಯಪ್ಪನವರ ಏಳನೆಯ ಕೋಣೆ

ಅರಮನೆ ನೋಡಲು ಹೋದ ನಾನು ಮೊದಲು ಮಾಡಿದ ಕೆಲಸವೆಂದರೆ ರಾಜನ ಪೀಠದ ಮೇಲೆ ಕುಳಿತದ್ದು. ನಮ್ಮ ಅರಳಸುರಳಿ ಕಡೆ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು, ಜಗಲಿ ಹತ್ತಿ, ಕಂಡಲ್ಲಿ ಕುಳಿತು, ಒಳಗಿನಿಂದ ಬೆಲ್ಲ ನೀರು ಬರುವುದನ್ನು ಕಾಯುವುದು ರೂಢಿ. ಅರಮನೆಯೂ ಒಂದು ಮನೆಯೇ ಅಲ್ಲವೆ? ಪೀಠದ ಮೇಲೆ ‘ಮುಟ್ಟಬಾರದು’ ಎಂಬ ಫಲಕವಿತ್ತು. ನಾನು ಕುಳಿತದ್ದು ಅದರ ಮೇಲೆಯೇ.

“ಏಳಿ ಸ್ವಾಮಿ. ಅದ್ರ ಮೇಲೆ ರಾಜರೂ ಎರಡೇ ಸಲ ಕೂತಿದ್ದು.”

ಹೇಳಿದವರು ಗುತ್ಯಪ್ಪ. ಖಾಕಿ ಅಂಗಿ, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಹೊಸನಗರದ ಕಚೇರಿಯಲ್ಲಿ ಸಾಹೇಬರು ಮೀಟಿಂಗಿಗೆ ಹೋಗಿದ್ದರಿಂದ ಹೊತ್ತು ಕಳೆಯಲು ಬಸ್ಸು ಹತ್ತಿ ಬಂದವನು ನಾನು. ಪಾಳೆಯಗಾರರ ಈ ಅರಮನೆ ಈಗ ವಸ್ತುಸಂಗ್ರಹಾಲಯ. ಕಾಯುವವರು, ಗುಡಿಸುವವರು, ವಿವರಿಸುವವರು ಎಲ್ಲ ಗುತ್ಯಪ್ಪನವರೊಬ್ಬರೇ. ಇಪ್ಪತ್ತೆರಡು ವರ್ಷದಿಂದ. ಬರುವ ಶನಿವಾರ ನಿವೃತ್ತಿ.

ಕೆಲಸಕ್ಕೆ ಸೇರಿದಾಗ ಅಂದಿನ ಅಧಿಕಾರಿ ಏಳು ಕೋಣೆಗಳ ವಿವರವನ್ನೂ ಬಾಯಿಪಾಠ ಮಾಡಿಸಿ, ಒಂದು ಕೋಣೆಯದು ಪೂರ್ತಿ ಹೇಳದೆ ಮುಂದಿನದರ ಬೀಗ ತೆಗೆಯಬಾರದು ಎಂದಿದ್ದರಂತೆ. ಗುತ್ಯಪ್ಪ ಒಮ್ಮೆಯೂ ತಪ್ಪಿಲ್ಲ. ಹಾಗಾಗಿ ಏಳನೆಯ ಕೋಣೆಯವರೆಗೆ ಬಂದವರು ಆ ಅಧಿಕಾರಿ ಮಾತ್ರ, ಅದೂ ಪರೀಕ್ಷೆ ಮಾಡಲು.

“ಎರಡನೇದು ಕತ್ತಿ ಕೋಣೆ. ಅಲ್ಲಿ ಫೋಟೋ ತಗಂಡು ಜೋಗಕ್ಕೆ ಹೊರಡ್ತಾರೆ. ಮೂರನೇದ್ರಲ್ಲಿ ಮಕ್ಕಳಿಗೆ ಹಸಿವಾಗತ್ತೆ. ನಾಲ್ಕನೇದ್ರಲ್ಲಿ ಬಸ್ಸಿನ ಹಾರನ್ ಕೇಳತ್ತೆ. ಶನಿವಾರದೊಳಗೆ ಒಬ್ರಿಗಾದ್ರೂ ಏಳನೇದು ಹೇಳ್ಬೇಕು ಅಂತ ಆಸೆ ನೋಡಿ.”

ನನ್ನ ಬಸ್ಸು ಹನ್ನೆರಡೂವರೆಗೆ, ಅದು ಬಿಟ್ಟರೆ ನಾಲ್ಕಕ್ಕೆ. ಯಾವ ಭಾಷಣಕ್ಕೆ ಹೋದರೂ ಬಾಗಿಲ ಪಕ್ಕದ ಕುರ್ಚಿ ಹಿಡಿಯುವ ಜಾತಿ ನನ್ನದು. ಆದರೂ ‘ಹೂಂ’ ಅಂದುಬಿಟ್ಟೆ.

ಅವರು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ತುಸು ಮೇಲೆ, ಗೋಡೆಯನ್ನು ನೋಡುತ್ತಿದ್ದರು. ಗೋಡೆಗೇ ಹೇಳಿ ಹೇಳಿ ಅಭ್ಯಾಸವಾಗಿರಬೇಕು. ನಾಲ್ಕನೆಯ ಕೋಣೆಯಲ್ಲಿ ಪಲ್ಲಕ್ಕಿಯ ವಿಷಯ ಅರ್ಧಕ್ಕೆ ಬಂದಾಗ, ದೂರದಲ್ಲಿ ಹಾರನ್ ಆಯಿತು. ಗುತ್ಯಪ್ಪ ಅಲ್ಲಿಗೇ ನಿಲ್ಲಿಸಿದರು.

“ಬೇಗ ನಡೀರಿ, ಸಿಗತ್ತೆ. ಡ್ರೈವರ್ ಒಂದು ನಿಮಿಷ ನಿಲ್ಲಿಸ್ತಾನೆ.”

ಒಂದಿಷ್ಟು ಬೇಸರ ತೋರಿಸಿದ್ದರೆ ಖಂಡಿತ ಓಡುತ್ತಿದ್ದೆ. ಆ ದನಿಯಲ್ಲಿ ಬೇಸರವೇ ಇರಲಿಲ್ಲ. “ಪಲ್ಲಕ್ಕಿ ಹೊರೋರು ಎಷ್ಟು ಜನ ಅಂದ್ರಿ?” ಎಂದೆ. ಬಸ್ಸು ತಿರುವು ದಾಟಿ ಹೋಗುವ ಸದ್ದನ್ನು ಇಬ್ಬರೂ ಕೇಳಿಸಿಕೊಂಡೆವು.

“ಎಂಟು” ಎಂದರು. ಆಮೇಲೆ ಅವರ ದನಿ ಏರಿತು. ಐದನೆಯದು ಕಣಜ, ಆರನೆಯದು ಅಡುಗೆಮನೆ. ಅಲ್ಲಿನ ಒರಳುಕಲ್ಲಿನ ವಿಷಯ ಹೇಳಿದ ರೀತಿಗೆ ನನಗೆ ಹಸಿವೇ ಆಯಿತು. ಏಳನೆಯದರ ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಕುಟ್ಟಿ, ಇಬ್ಬರೂ ಸೇರಿ ಬಾಗಿಲು ನೂಕಿದೆವು.

ಪುಟ್ಟ ಕೋಣೆ. ಒಂದು ಕಿಟಕಿ, ಒಂದು ಖಾಲಿ ಮಂಚ, ಮತ್ತೇನಿಲ್ಲ. ಗುತ್ಯಪ್ಪ ನಡುವೆ ನೆಟ್ಟಗೆ ನಿಂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡರು. ಗೋಡೆ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಮಂಚದ ಸುತ್ತ ಒಂದು ಸುತ್ತು ಬಂದು ಮತ್ತೆ ನೆಟ್ಟಗೆ ನಿಂತರು. ನಾನು ಕಾದೆ. ನಾಲ್ಕರವರೆಗೆ ನನಗೇನು ಅವಸರ?

ಕೊನೆಗೆ ನಾನೇ ಕೇಳಿದೆ, “ಇಲ್ಲಿ ಯಾರಿದ್ರು ಗುತ್ಯಪ್ಪನವರೇ?”

“ಮರೆತೋಯ್ತು ಸ್ವಾಮಿ” ಎಂದರು ಅವರು, ಮುಖದ ಒಂದು ಗೆರೆಯೂ ಅಲುಗದೆ. “ನೀವೊಂದು ಹತ್ತು ವರ್ಷ ಮುಂಚೆ ಬರ್ಬೇಕಿತ್ತು.”