ಹುಳುವಿನ ಮನೆಯ ಪಕ್ಕದ ಕೋಣೆ

ಹೊಂಗನೂರಿಗೆ ಬಂದ ಮೊದಲ ಸಂಜೆಯೇ ನಾನು ಹಚ್ಚಿದ ಊದುಬತ್ತಿಯನ್ನು ಮನೆಯೊಡತಿ ಬೆರಳಲ್ಲಿ ಹೊಸಕಿ ಆರಿಸಿದರು. ಹಚ್ಚಿದ್ದು ದೇವರಿಗಲ್ಲ, ತೀರಿಕೊಂಡ ನನ್ನ ಗಂಡನ ಫೋಟೋಗೆ. ಸಾಮಾನಿನ ಚೀಲ ಇನ್ನೂ ಬಿಚ್ಚಿರಲಿಲ್ಲ; ಫೋಟೋ ಒಂದನ್ನು ಮಾತ್ರ ಗೋಡೆಗೆ ಒರಗಿಸಿಟ್ಟಿದ್ದೆ. ಬಾಗಿಲು ತಟ್ಟದೆ ಒಳಗೆ ಬಂದ ಚಿಕ್ಕತಾಯಮ್ಮ ಅದರ ಕಡೆ ನೋಡಲೂ ಇಲ್ಲ.

"ಇಲ್ಲಿ ಇದ್ನೆಲ್ಲ ಹಚ್ಚಂಗಿಲ್ಲ ಕಣಮ್ಮ. ವಾಸ್ನೆ ಹುಳಿಗೆ ಆಗಕಿಲ್ಲ."

ನಾನು ವಿಜಯಪುರದ ಕಡೆಯವಳು. ನಮ್ಮಲ್ಲಿ ಹುಳು ಎಂದರೆ ಬೆಳೆಗೆ ಬೀಳುವುದು, ಔಷಧ ಹೊಡೆದು ಕೊಲ್ಲುವುದು. ಇಲ್ಲಿ ಹುಳುವಿಗೆ ಮನೆಯನ್ನೇ ಕಟ್ಟಿದ್ದಾರೆ! ನನ್ನ ಕೋಣೆಗೂ ಆ ಮನೆಗೂ ನಡುವೆ ಒಂದೇ ಗೋಡೆ. ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು ತುಂತುರು ಮಳೆಯಂತೆ ಈಚೆಗೆ ಕೇಳುತ್ತದೆ. ಅಲ್ಲಿಗೆ ಹೋಗುವವರು ಕಾಲು ತೊಳೆದು, ಹೊಸ್ತಿಲ ಬಳಿ ಹರಡಿದ ಸುಣ್ಣ ತುಳಿದೇ ಒಳಗೆ ಕಾಲಿಡಬೇಕು. ಹೊಗೆ, ಅತ್ತರು, ಊದುಬತ್ತಿ ಹತ್ತಿರ ಸುಳಿಯಬಾರದು. ನರ್ಸ್ ಆದ ನನಗೆ ಇದೇನೂ ಹೊಸ ಶಿಸ್ತಲ್ಲ. ಆದರೂ ಅವತ್ತು ಆ ಹೆಂಗಸಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಮ್ಮ ಮನೆಯವರು ಒಂದು ಸಂಜೆ ಹಾಲು ತರಲು ಬೈಕ್ ಹತ್ತಿ ಹೋದವರು ಜೀವಂತ ಮರಳಲಿಲ್ಲ. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಬೈಕಿನ ಸ್ಟ್ಯಾಂಡ್ ಹಾಕಿದ ಸದ್ದು ನನಗೆ ಕೇಳಿಸುತ್ತಿತ್ತು. ಖಟ್ ಎಂದು ಒಂದೇ ಸಲ. ಓಡಿ ಹೋಗಿ ನೋಡಿದರೆ ಯಾರೂ ಇಲ್ಲ. ಊದುಬತ್ತಿ ಹಚ್ಚಿ ಫೋಟೋ ಮುಂದೆ ಕೂತರಷ್ಟೇ ಎದೆ ಬಡಿತ ತಹಬಂದಿಗೆ ಬರುತ್ತಿತ್ತು. ಬರಬರುತ್ತ ಆಸ್ಪತ್ರೆಯಲ್ಲೂ ಕೈ ನಡುಗತೊಡಗಿತು, ಸೂಜಿ ಹಿಡಿಯಲು ಹೆದರಿಕೆ. ನೌಕರಿ ಬಿಟ್ಟುಬಿಡು ಎಂದರು ತವರಿನವರು. ಬಿಟ್ಟರೆ ದಿನವಿಡೀ ಆ ಸದ್ದಿಗಾಗಿ ಕಾಯುತ್ತ ಕೂರುತ್ತೇನೆ, ಹಾಗೇ ಹುಚ್ಚಿಯಾಗುತ್ತೇನೆ ಎಂದು ನನಗೆ ಭಯ. ಅದಕ್ಕೇ ವರ್ಗಾವಣೆಯಲ್ಲಿ ಬೇಕೆಂದೇ ದೂರದ ಊರು ಕೇಳಿಕೊಂಡೆ. ಸದ್ದು ಇಷ್ಟು ದೂರ ಬರಲಾರದು ಅಂದುಕೊಂಡಿದ್ದೆ. ಎರಡನೆಯ ಸಂಜೆಯೇ ಬಂತು.

ಹಗಲು ಹೇಗೋ ಕಳೆಯುತ್ತಿತ್ತು. ನಮ್ಮ ಕರಿನೆಲದಲ್ಲಿ ಬರುವವರು ಅರ್ಧ ಹರದಾರಿ ದೂರದಿಂದಲೇ ಕಾಣುತ್ತಾರೆ, ಅಷ್ಟರಲ್ಲಿ ಚಹಾಕ್ಕೆ ಇಡಬಹುದು. ಇಲ್ಲಿ ತೆಂಗಿನ ಸಾಲಿನ ಮರೆಯಿಂದ ಚನ್ನಪಟ್ಟಣದ ಬಸ್ಸು ಎದುರಿಗೇ ಬಂದು ನಿಂತಾಗ ಪ್ರತಿ ಸಲವೂ ಬೆಚ್ಚಿಬೀಳುತ್ತಿದ್ದೆ. ಚಿಕ್ಕತಾಯಮ್ಮ ಮುದ್ದೆ, ಉಪ್ಸಾರು ಕೊಡುತ್ತಿದ್ದರು. ಬೇಳೆ, ಸೊಪ್ಪು ಬೇಯಿಸಿದ ನೀರಿಗೆ ಅರೆದ ಖಾರ ಕಲೆಸಿಕೊಳ್ಳುವ ಸಾರು ಅದು. ಸಾರಿಗೆ ಬೇಗ ಮನಸೋತೆ. ಮುದ್ದೆಯನ್ನು ರೊಟ್ಟಿಯಂತೆ ಅಗಿಯುತ್ತ ಕೂತವಳನ್ನು ಕಂಡು ಆಕೆ, "ಅಗ್ದು ಅಗ್ದು ಹಲ್ ಸವಿಸ್ಕತೀಯಲ್ಲವ್ವ, ನುಂಗು!" ಎಂದು ನಗುತ್ತಿದ್ದರು. ಶೇಂಗಾ ಹಿಂಡಿಯ ಡಬ್ಬಿ ತೆಗೆದು ನಾನೂ ಸೇಡು ತೀರಿಸಿಕೊಂಡೆ. ಆಕೆಗೆ ನೆತ್ತಿಗೇರಿ ಕಣ್ಣೀರು ಬಂತು.

ಊದುಬತ್ತಿಯಿಲ್ಲದ ಸಂಜೆಗಳೇ ಕಷ್ಟ. ಆ ಹೊತ್ತಿಗೆ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದವಳನ್ನು ಚಿಕ್ಕತಾಯಮ್ಮ ಗಮನಿಸಿದ್ದರು.

"ಹೊತ್ತು ಮುಳುಗೋ ಹೊತ್ನಾಗೆ ಯಾಕವ್ವ ಸುಮ್ಕೆ ನಿಂತಿರ್ತೀಯ? ಕಾಲ್ ತೊಳ್ಕಂಡು ಬಾ, ಒಸಿ ಸೊಪ್ಪಾಕು."

ಅಂದಿನಿಂದ ಸಂಜೆಯ ಸೊಪ್ಪು ನನ್ನ ಪಾಲಿಗೆ ಬಂತು. ಹುಳು ಸಾಕುವ ಬಿದಿರು ತಟ್ಟೆಯ ತುಂಬ ಸೊಪ್ಪು ಹರಡುವುದು, ಮುಂದಿನ ತಟ್ಟೆಗೆ ಸರಿಯುವುದು. ಹುಳುಗಳು ಮೇಯತೊಡಗಿದರೆ ಹೊರಗಿನ ಯಾವ ಸದ್ದೂ ಒಳಗೆ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೈ ಸ್ವಲ್ಪ ಹಿಡಿತಕ್ಕೆ ಬಂತು.

ಆದರೆ ಹುಳುಗಳು ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿ, ತಲೆಯೆತ್ತಿ, ಕದಲದೆ ಇದ್ದುಬಿಡುತ್ತವೆ. ಇಲ್ಲಿನವರು ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಆ ಸಂಜೆ ನನಗೆ ಕೆಲಸವಿರಲಿಲ್ಲ. ಗೋಡೆಯಾಚೆ ಮೇಯುವ ಸದ್ದಿನ ಮಳೆಯೂ ನಿಂತಿತ್ತು. ಖಟ್. ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಕೇಳಿರಲಿಲ್ಲ. ಅಂಗಳಕ್ಕೆ ಓಡಿಬಂದು ಚಿಕ್ಕತಾಯಮ್ಮನ ತೋಳು ಹಿಡಿದುಕೊಂಡೆ. ಯಾರಿಗೂ ಹೇಳದಿದ್ದುದನ್ನೆಲ್ಲ ಅವರಿಗೆ ಹೇಳಿ, ಗೊಳೋ ಎಂದು ಅತ್ತೆ.

ಭ್ರಮೆ ಎನ್ನುತ್ತಾರೆ, ಇಲ್ಲವೇ ತಾಯತ ಕಟ್ಟಿಸು ಎನ್ನುತ್ತಾರೆ ಅಂದುಕೊಂಡಿದ್ದೆ. ಆಕೆ ಎರಡೂ ಅನ್ನಲಿಲ್ಲ.

"ಬಂದು ಏನಂತಾರೆ?"

"ಏನೂ ಅನ್ನೂದಿಲ್ರಿ. ಬರೇ ಸ್ಟ್ಯಾಂಡ್ ಹಾಕಿದ ಸಪ್ಪಳ."

"ಬಂದ್ರೆ ಬರ್ಲಿ ಬುಡವ್ವ. ನಮ್ಮೋರು ಹೋಗಿ ಎಷ್ಟೋ ವರ್ಸ ಆಯ್ತು, ಈಗ್ಲೂವೆ ಹುಳಿನ್ ಮನೆ ಬಾಗ್ಲಲ್ಲಿ ಬಂದು ನಿಂತ್ಕತಾರೆ. ಕಾಲ್ ತೊಳ್ಕಂಡು ಒಳೀಕ್ ಬನ್ನಿ ಅಂತೀನಿ. ಸತ್ತೋರಾದ್ರೇನು, ಹುಳಿನ್ ಮನೆಗೆ ಹಂಗೇ ನುಗ್ಗಕಾದದಾ?"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಮರುದಿನ ಸಂಜೆ ಸದ್ದು ಕೇಳಿದಾಗ ಓಡಲಿಲ್ಲ. ಬೀದಿಯ ಕಡೆ ತಿರುಗಿ, "ಕಾಲು ತೊಳ್ಕೊಂಡು ಒಳಗ ಬರ್ರಿ" ಎಂದೆ. ಹುಳುಗಳ ಜ್ವರ ಬಿಟ್ಟು ಮೇವು ಶುರುವಾದ ಮೇಲೂ ದಿನಾ ಹೊಸ್ತಿಲಲ್ಲಿ ನಿಂತು ಅದೇ ಮಾತು ಹೇಳಿ ಸೊಪ್ಪು ಎತ್ತಿಕೊಳ್ಳುತ್ತಿದ್ದೆ. ಸದ್ದು ಹೋಗಲಿಲ್ಲ, ಅದರ ಹೆದರಿಕೆ ಹೋಯಿತು. ಒಂದು ಬೆಳಿಗ್ಗೆ ಕೂಸಿಗೆ ಲಸಿಕೆ ಹಾಕಿ ಮುಗಿಸಿದಾಗ ಅದರ ಅಜ್ಜಿ, "ನರ್ಸಮ್ನ ಕೈ ಎಷ್ಟು ಹಗೂರ ನೋಡು, ಮಗ ಅಳ್ನೇ ಇಲ್ಲ" ಎಂದರು. ನನ್ನ ಬೆರಳುಗಳನ್ನು ನಾನೇ ನೋಡಿಕೊಂಡೆ. ನಡುಗುತ್ತಿರಲಿಲ್ಲ.

ವರ್ಷದ ತಿಥಿಗೆ ಊರಿಗೆ ಹೋದೆ. ಫೋಟೋ ಮುಂದೆ ಅತ್ತೆ ಊದುಬತ್ತಿ ಹಚ್ಚಿಟ್ಟರು. ಹೊಗೆ ಏಳುವುದೇ ತಡ, ನನ್ನ ಕೈ ತಾನಾಗಿ ಮುಂದೆ ಹೋಗಿ ಅದನ್ನು ಹೊಸಕಿಬಿಟ್ಟಿತು. "ಹುಳಿಗೆ ಆಗಕಿಲ್ಲ" ಎಂದಿತು ಬಾಯಿ.

ನೆರೆದ ಬಂಧುಗಳೆಲ್ಲ ದಂಗಾದರು. "ಇದೆಂಥಾ ಮಾತವಾ? ಯಾಕ ಆರಿಸಿದಿ?" ಎಂದರು ಅತ್ತೆ. ಅವರ ಮಗನಿಗೆ ಹಚ್ಚಿದ್ದು ಅದು. ನಾಚಿಕೆಯಿಂದ ಇನ್ನೊಂದು ಹಚ್ಚಿಟ್ಟು ಕೈ ಮುಗಿದೆ.

ಸಂಜೆ ಕಟ್ಟೆಯ ಮೇಲೆ ಕೂತೆ. ನಮ್ಮ ಮನೆಯವರು ಬೈಕ್ ನಿಲ್ಲಿಸುತ್ತಿದ್ದ ಜಾಗ ಕಣ್ಣೆದುರೇ ಇತ್ತು. ಎಷ್ಟು ಕಾದರೂ ಸದ್ದು ಬರಲಿಲ್ಲ. "ಕತ್ತಲಾತು, ಒಳಗ ಬಾ. ಯಾರ ದಾರಿ ಕಾಯಾಕತ್ತೀ?" ಎಂದು ಅತ್ತೆ ಕರೆದರು. ಹೊಂಗನೂರಿನಲ್ಲಿ ಅದು ಸೊಪ್ಪು ಹಾಕುವ ಹೊತ್ತು. ಅವರು ಕಾಲು ತೊಳೆದುಕೊಂಡು ಹುಳುವಿನ ಮನೆಯ ಹೊಸ್ತಿಲಲ್ಲಿ ನಿಂತಿರುತ್ತಾರೆ; ಒಳಗೆ ಬನ್ನಿ ಎನ್ನಬೇಕಾದ ನಾನು ಇಲ್ಲಿ ಕೂತಿದ್ದೇನೆ.