ಡಿಸ್ಕಿಗೆ ಬರೆದಾಯಿತು ಎಂಬ ಸಾಲು

ನಮ್ಮ ಮೇಲಧಿಕಾರಿಯ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಪ್ರಿಂಟರಿನಿಂದ ಬಂದ ಪುಟವನ್ನು ಒಂದೊಂದೇ ಸಾಲಿಗೆ ಬೆರಳೊತ್ತಿ ಓದುವವರು ಅವರು. ಮಧ್ಯಾಹ್ನದ ನಮಾಜಿಗೆ ಮುನ್ನ ಎಷ್ಟು ಉಜ್ಜಿ ತೊಳೆದರೂ ಆ ಮಸಿ ಹೋಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಹರಿಹರದ ಕಾರ್ಖಾನೆಯೊಂದಕ್ಕೆ ಕಂಪ್ಯೂಟರ್ ಬಂದಿತ್ತು. ಜೊತೆಗೆ ಅದರ ಕರ್ನಲ್, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ ಕೂಡ ಬಂದಿತ್ತು. ನಾವಿಬ್ಬರೂ ದಾವಣಗೆರೆಯಿಂದ ಬೆಳಗಿನ ರೈಲಿಗೆ ಹೋಗುತ್ತಿದ್ದೆವು. ರೈಲಿನಲ್ಲೂ ಅವರ ತೊಡೆಯ ಮೇಲೆ ಅದೇ ಕಾಗದದ ಕಟ್ಟು. ಪ್ರೋಗ್ರಾಮನ್ನು ಅವರು ಮುಟ್ಟುತ್ತಿರಲಿಲ್ಲ. ಅದರ ಸಾಲುಗಳ ನಡುವೆ ಓದುವವರಿಗಾಗಿ ಬರೆದಿದ್ದ ವಿವರಣೆಗಳನ್ನು ತಿದ್ದುತ್ತಿದ್ದರು. ಯಂತ್ರ ಮಾಡುವುದು ಒಂದು, ವಿವರಣೆ ಹೇಳುವುದು ಇನ್ನೊಂದು ಆಗಿದ್ದರೆ ಚೀಟಿ ಬರೆದು ನನಗೆ ಕೊಡುವರು. ನಾನು ಟೈಪ್ ಮಾಡಿ ಹೊಸ ಪ್ರತಿ ತೆಗೆಯಬೇಕು.

"ಮಷೀನ್ ಇದನ್ನ ಓದೋದೇ ಇಲ್ಲಲ್ರಿ ಸಾರ್," ಎಂದು ಒಮ್ಮೆ ಗೊಣಗಿದೆ.

"ಮಷೀನ್ ಓದಲ್ಲ ತಮ್ಮಾ, ಮನುಷ್ಯ ಓದ್ತಾನೆ. ಓದಿ ನಂಬ್ತಾನೆ. ಅದಕ್ಕೇ ನಂಗೆ ಹೆದ್ರಿಕಿ."

ಮಾಡಲು ಕೆಲಸವಿಲ್ಲದವರ ಕೆಲಸ ಇದು ಎಂದುಕೊಂಡೆ. ಇಂಜಿನಿಯರಿಂಗ್ ಓದಿದವನು ಚೀಟಿ ಟೈಪ್ ಮಾಡುವುದೇ ಎಂಬ ಜಂಬ ಬೇರೆ.

ಒಂದು ಚೀಟಿಯ ತಾತ್ಪರ್ಯ ಇಷ್ಟು: 'ಯಂತ್ರ ಆರಿಸುವ ಮುನ್ನ ಕೊಡುವ ಈ ಆಜ್ಞೆ ಮುಗಿಯುವಷ್ಟರಲ್ಲಿ ಎಲ್ಲವನ್ನೂ ಡಿಸ್ಕಿಗೆ ಬರೆದಾಗಿರುತ್ತದೆ ಎಂಬ ವಿವರಣೆ ತಪ್ಪು. ಬರೆಯಲು ಹೇಳಿರುತ್ತದೆ, ಅಷ್ಟೇ. ಬರೆದು ಮುಗಿಯುವತನಕ ಕಾಯಬೇಕು.' ಅಂದು ಸಂಜೆ ಪಿ.ಜೆ. ಬಡಾವಣೆಯ ಹೋಟೆಲಿನಲ್ಲಿ ಗೆಳೆಯರು ನನಗಾಗಿ ಕಾಯುತ್ತಿದ್ದರು. ಚೀಟಿಯನ್ನು ಡ್ರಾಯರಿಗೆ ತಳ್ಳಿ, "ಎಲ್ಲಾ ಹಾಕೀನ್ರಿ ಸಾರ್," ಎಂದೆ. ಅವರು ನನ್ನ ಮಾತು ನಂಬಿ ಹೊಸ ಪ್ರತಿಗೆ ಸಹಿ ಹಾಕಿದರು. ಅವರ ಸಹಿ ಬಿದ್ದ ಪುಟವನ್ನು ಆ ಕೋಣೆಯಲ್ಲಿ ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ.

ಹದಿನೈದು ದಿನದ ಮೇಲೆ, ಇನ್ನೇನು ಕರೆಂಟ್ ತೆಗೆಯುತ್ತಾರೆ ಎಂದು ಸುದ್ದಿ ಬಂತು. ಆಪರೇಟರ್ ಹುಡುಗಿ ಆ ಪುಟ ನೋಡಿಕೊಂಡೇ ಆಜ್ಞೆ ಕೊಟ್ಟು, ಅದು ಮುಗಿದ ಕೂಡಲೇ ಯಂತ್ರ ಆರಿಸಿದಳು. ಬರವಣಿಗೆ ಅರ್ಧಕ್ಕೇ ನಿಂತು ಡಿಸ್ಕ್ ಕೆಟ್ಟಿತು. ಮೂರು ತಿಂಗಳು ಎಲ್ಲರೂ ಕೂತು ತುಂಬಿಸಿದ್ದ ಬಿಡಿಭಾಗಗಳ ಅಳತೆಗಳು ಹೋದವು.

ವಿಚಾರಣೆಯಲ್ಲಿ ಆಕೆ ಅಳುತ್ತಾ ಪುಟ ತೋರಿಸಿದಳು. ಮೇಲಧಿಕಾರಿ ಓದಿದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ನನ್ನ ಬೂಟು ನೋಡಿಕೊಂಡೆ.

"ಆ ಹುಡುಗೀದು ತಪ್ಪಿಲ್ರಿ. ಸಹಿ ನಂದೈತೆ. ನೋಡಿ ಹಾಕಬೇಕಿತ್ತು," ಎಂದರು ಮ್ಯಾನೇಜರಿಗೆ.

ಅವರನ್ನು ಉಗ್ರಾಣಕ್ಕೆ ಹಾಕಿದರು. ಅವರ ಕುರ್ಚಿ ನನಗೆ ಸಿಕ್ಕಿತು. ಅದರಲ್ಲಿ ಕೂತ ಮೊದಲ ದಿನವೇ ಆ ಸಾಲು ತಿದ್ದಿದೆ. ಎರಡು ನಿಮಿಷದ ಕೆಲಸ. ನಾಚಿಕೆಯಾಯಿತು, ಈಗಲೂ ಆಗುತ್ತದೆ. ರೈಲಿನಲ್ಲಿ ಅವರು ಮೊದಲಿನಂತೆಯೇ ಪಕ್ಕದಲ್ಲಿ ಜಾಗ ಹಿಡಿದು, "ಬರ್ರಿ ತಮ್ಮಾ, ಕೂಡ್ರಿ," ಎನ್ನುತ್ತಿದ್ದರು. ಆ ವಿಷಯ ಮಾತ್ರ ಎತ್ತಲಿಲ್ಲ. ನಾಲ್ಕು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ರೈಲು ಬಿಟ್ಟು ಬಸ್ಸಿಗೆ ಹೋಗತೊಡಗಿದೆ.

ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಮಗ ನನ್ನ ಕೈ ಹಿಡಿದು, "ಅಬ್ಬಾ ಕೊನೀತನಕ ಕೊರಗಿದ್ರು ರೀ. ನೋಡ್ದೇ ಸಹಿ ಹಾಕ್ಬಿಟ್ಟೆ, ಅಷ್ಟು ಮಂದಿ ಕೆಲಸ ನನ್ನಿಂದ ಹಾಳಾತು ಅಂತಿದ್ರು," ಎಂದ.

ತಪ್ಪು ಅವರದಲ್ಲ, ನನ್ನದು ಎಂದು ಹೇಳಲು ಬಾಯಿ ತೆರೆದೆ.

"ನಿಮ್ಮ ತಂದೆ ಭಾಳ ದೊಡ್ಡ ಮನುಷ್ಯರು," ಎಂದು, ಅಲ್ಲಿ ಎಲ್ಲರೂ ಹೇಳುತ್ತಿದ್ದುದನ್ನೇ ಹೇಳಿ ಬಂದೆ.